ಹಿಮವತ್ಕೇದಾರದ ದಾರಿಯಲ್ಲಿ ಮುನಾಲ್ ಪಕ್ಷಿ

ಕೇದಾರನಾಥಕ್ಕೆ ಹೋಗಿ ಬಂದವರು ನಮ್ಮ ಮನೆತನಗಳಲ್ಲಿ ವಿರಳರಲ್ಲ. ಹಿಮವತ್ಕೇದಾರವು ಪಂಚಪೀಠಗಳಲ್ಲೊಂದಾಗಿರುವುದರಿಂದಲೂ, ಅಲ್ಲಿಯ ರಾವಲರು ದಕ್ಷಿಣದ ವೀರಶೈವ ಜಂಗಮ ಪರಂಪರೆಯಿಂದ ಬರುವುದರಿಂದಲೂ ಆ ದೂರದ ಕಣಿವೆ ನಮಗೆ ಪರಸ್ಥಳವೆನಿಸುವುದಿಲ್ಲ. ಹೋಗಿ ಬಂದವರು ಮಂದಾಕಿನಿಯ ರಭಸವನ್ನು ಬಣ್ಣಿಸುತ್ತಾರೆ. ಹಿಮಶಿಖರಗಳ ಗಾಂಭೀರ್ಯವನ್ನು ಹೇಳುತ್ತಾರೆ. ಏರುದಾರಿಯ ಆಯಾಸವನ್ನು ನೆನೆಯುತ್ತಾರೆ. ಆದರೆ ಅದೇ ದಾರಿಯ ಎರಡೂ ಮಗ್ಗುಲಿನ ಕಾಡುಗಳಲ್ಲಿ ಬಾಳುವ ಒಂದು ಪಕ್ಷಿಕುಲದ ಪ್ರಸ್ತಾಪ ನಮ್ಮ ಯಾತ್ರಾಕಥನಗಳಲ್ಲಿ ಅಪರೂಪ. ಇಂಗ್ಲಿಷಿನಲ್ಲಿ ಫೆಸೆಂಟ್ ಎಂದು ಕರೆಯುವ ಕುಲವದು. ಆ ಕುಲದ ಕಿರೀಟಪ್ರಾಯವಾದ ಮುನಾಲ್ ಪಕ್ಷಿಯ ನೆಲೆಯನ್ನು ಕುರಿತು ನಾವು ಕಂಡದ್ದನ್ನೂ ತಿಳಿದದ್ದನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಬಂಧುಗಳು ನಮ್ಮಲ್ಲಿಯೂ ಉಂಟು

ಫೆಸೆಂಟ್ ಎಂಬುದಕ್ಕೆ ಕನ್ನಡದಲ್ಲಿ ಬಳಕೆಯ ಹೆಸರಿಲ್ಲ. ಈ ಕುಲದ ಹೆಚ್ಚಿನ ಹಕ್ಕಿಗಳು ನಮ್ಮ ನಾಡಿನವಲ್ಲವೆಂಬುದೇ ಅದಕ್ಕೆ ಕಾರಣ. ಇಂಗ್ಲಿಷ್ ಹೆಸರಿನ ಮೂಲವಾದರೂ ಇಂದಿನ ಜಾರ್ಜಿಯಾ ದೇಶದಲ್ಲಿ ಹರಿಯುವ, ಗ್ರೀಕರು ಫಾಸಿಸ್ ಎಂದು ಕರೆದ ನದಿ. ಜಗತ್ತಿನಲ್ಲಿ ಈ ಕುಲದ ಸುಮಾರು ಐವತ್ತು ಜಾತಿಗಳಿವೆ. ಆಫ್ರಿಕಾದ ಕಾಂಗೋ ನವಿಲೊಂದನ್ನು ಬಿಟ್ಟರೆ ಉಳಿದವೆಲ್ಲ ಬಹುತೇಕ ಏಷ್ಯಾ ಖಂಡದವು. ಅವುಗಳಲ್ಲಿ ಅನೇಕಕ್ಕೆ ಹಿಮಾಲಯವೇ ತವರು.

ಹಾಗೆಂದು ಈ ಕುಲ ನಮಗೆ ತೀರ ಅಪರಿಚಿತವೂ ಅಲ್ಲ. 1963ರಲ್ಲಿ ರಾಷ್ಟ್ರಪಕ್ಷಿಯಾದ ನವಿಲು ಇದೇ ಕುಲದ್ದು. ಸಹ್ಯಾದ್ರಿಯ ಕಾಡಂಚಿನಲ್ಲಿ ಮುಂಜಾನೆ ಕೂಗುವ ಬೂದು ಕಾಡುಕೋಳಿಯೂ ಇದೇ ಕುಲದ್ದು. ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯೊಳಗೆ ಖಿಲಾರಿ ದನಗಳ ಸಂವರ್ಧನ ಕೇಂದ್ರವಿದ್ದು, ದನಗಳ ಮೇವಿನ ನೆಲದಲ್ಲಿಯೇ ನವಿಲುಗಳು ನಿರ್ಭಯವಾಗಿ ಬೆಳೆದು ಬಂದಿವೆ. ಮನುಷ್ಯನು ಕೈ ತಡೆದು ನಿಂತರೆ ಸಾಕು, ಈ ಹಕ್ಕಿಗಳು ತಾವೇ ಬದುಕಿಕೊಳ್ಳುತ್ತವೆ ಎಂಬುದಕ್ಕೆ ನಮ್ಮ ನಾಡಿನೊಳಗೇ ಇರುವ ಸಾಕ್ಷಿಯದು.

ಊಖೀಮಠದಿಂದ ತುಂಗನಾಥಕ್ಕೆ

ಹೃಷೀಕೇಶದಿಂದ ಹೊರಟ ದಾರಿ ದೇವಪ್ರಯಾಗವನ್ನು ದಾಟಿ ರುದ್ರಪ್ರಯಾಗವನ್ನು ಸೇರುತ್ತದೆ. ಅಲ್ಲಿ ಅಲಕನಂದೆಯನ್ನು ಬಿಟ್ಟು ಮಂದಾಕಿನಿಯ ದಂಡೆ ಹಿಡಿದರೆ ಊಖೀಮಠ. ಚಳಿಗಾಲದ ಆರು ತಿಂಗಳು ಕೇದಾರೇಶ್ವರನ ಉತ್ಸವಮೂರ್ತಿಗೆ ಪೂಜೆ ಸಲ್ಲುವುದು ಇಲ್ಲಿಯ ಓಂಕಾರೇಶ್ವರ ದೇವಾಲಯದಲ್ಲಿ. ಊಖೀಮಠ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದ್ದರೆ ಕೇದಾರ ದೇವಾಲಯವಿರುವುದು 3,500 ಮೀಟರಿಗೂ ಮೇಲೆ. ಈ ಎರಡು ಎತ್ತರಗಳ ನಡುವಣ ಅಂತರವೇ ಮುನಾಲ್ ಪಕ್ಷಿಯ ಕಥೆಯ ಭೂಮಿಕೆ.

2023ರ ಮೇ ತಿಂಗಳಿನಲ್ಲಿ ಕೇದಾರ ದರ್ಶನ ಮುಗಿಸಿದ ನಾವು ಊಖೀಮಠಕ್ಕೆ ಮರಳಿ, ಅಲ್ಲಿಂದ ಚೋಪ್ತಾದ ಕಡೆಗೆ ಹೊರಟೆವು. ಸುಮಾರು ಮೂವತ್ತು ಕಿ.ಮೀ. ದಾರಿ. ಹೊಲಗಳ ಮೆಟ್ಟಿಲುಗಳು ಹಿಂದೆ ಸರಿದಂತೆ ಓಕ್ ಮರಗಳ ಕಾಡು ಮುತ್ತಿಕೊಂಡಿತು; ಅದರ ನಡುನಡುವೆ ಬುರಾಂಶ್ ಮರಗಳು. ದಾರಿಯ ತಿರುವಿನಲ್ಲಿ ಮೊದಲು ಕಾಣಿಸಿದ್ದು ಕಾಲಿಜ್ ಎಂಬ ಹಕ್ಕಿ. ಗಂಡಿಗೆ ಕಪ್ಪು ಮೈ, ಬೆಳ್ಳನೆಯ ಜುಟ್ಟು, ಕಣ್ಣಿನ ಸುತ್ತ ಕೆಂಪು ಚರ್ಮ. ನಮ್ಮ ಊರಕೋಳಿಯಂತೆಯೇ ಅದು ತರಗೆಲೆ ಕೆದರುತ್ತಿತ್ತು. ಕೆಳಗಿನ ಕಾಡುಗಳ ವಾಸಿಯಾದ ಇದಕ್ಕೆ ಮನುಷ್ಯನ ಹತ್ತಿರವಿರುವುದು ಅಷ್ಟು ಅಂಜಿಕೆಯ ಸಂಗತಿಯಲ್ಲ. ಅದಕ್ಕೂ ಮೇಲಿನ ಕಾಡಿನಲ್ಲಿ ಕೋಕ್ಲಾಸ್ ಇದೆ. ಬೆಳಗಿನ ಜಾವ ಅದರ ಗಡಸು ಕೂಗನ್ನು ಕೇಳಬಹುದೇ ಹೊರತು ನೋಡುವುದು ಕಷ್ಟ. ಅದರ ಕೂಗೇ ಅದರ ಹೆಸರಾಗಿದೆ.

ಚೋಪ್ತಾದಿಂದ ಪಂಚಕೇದಾರಗಳಲ್ಲೊಂದಾದ ತುಂಗನಾಥಕ್ಕೆ ಸುಮಾರು ಮೂರೂವರೆ ಕಿ.ಮೀ. ಕಲ್ಲುಹಾಸಿನ ಏರುದಾರಿ. ದೇವಾಲಯವಿರುವುದು 3,600 ಮೀಟರಿಗೂ ಎತ್ತರದಲ್ಲಿ. ಚಹಾದಂಗಡಿಯ ಮುದುಕರೊಬ್ಬರು, ಮುನಾಲನ್ನು ನೋಡಬೇಕೆಂದರೆ ಬೆಳಕು ಹರಿಯುವ ಮೊದಲೇ ಹೊರಡಬೇಕೆಂದೂ, ಮಾತನಾಡದೆ ನಡೆಯಬೇಕೆಂದೂ ನಮಗೆ ಹೇಳಿದ್ದರು. ಅವರ ಮಾತಿನಂತೆ ನಡೆದೆವು. ಮರಗಳು ಮುಗಿದು, ಅಲ್ಲಿಯವರು ಬುಗ್ಯಾಲ್ ಎನ್ನುವ ಹುಲ್ಲುಗಾವಲು ತೆರೆದುಕೊಳ್ಳುವಲ್ಲಿ, ಕರಗಿ ಉಳಿದ ಹಿಮದ ಅಂಚಿನಲ್ಲಿ ಅದು ನಿಂತಿತ್ತು.

ಬೆಳಕಿನಿಂದಾದ ಬಣ್ಣ

ಮೊದಲ ನೋಟಕ್ಕೆ ಅದು ಕಪ್ಪು ಹಕ್ಕಿ. ಸೂರ್ಯ ಶಿಖರವನ್ನು ದಾಟಿ ಒಂದು ಕಿರಣ ಅದರ ಮೇಲೆ ಬಿದ್ದೊಡನೆ ತಲೆ ಪಚ್ಚೆಯಾಯಿತು. ಕೊರಳ ಹಿಂಬದಿ ತಾಮ್ರವಾಯಿತು. ಬೆನ್ನು ಹಸಿರಿನಿಂದ ನೀಲಿಗೂ ನೇರಳೆಗೂ ತಿರುಗಿತು. ನೆತ್ತಿಯ ಮೇಲೆ ನವಿಲಿನ ಕಲಗಿಯನ್ನು ಹೋಲುವ ಜುಟ್ಟು. ಅದು ಹಾರಿ ಕಣಿವೆಗಿಳಿದಾಗ ಬೆನ್ನಿನ ಕೆಳಗಿನ ಬಿಳಿ ಮಚ್ಚೆಯೂ ಕಂದುಗೆಂಪಿನ ಬಾಲವೂ ಬಿಚ್ಚಿಕೊಂಡವು. ಸಿಳ್ಳಿನಂತಹ ಅದರ ಕೂಗು ಬಹಳ ಹೊತ್ತು ಬಂಡೆಗಳ ನಡುವೆ ಉಳಿಯಿತು.

ಈ ಬಣ್ಣಗಳಲ್ಲಿ ಬಹುಪಾಲು ಗರಿಗೆ ಬಳಿದ ಬಣ್ಣವಲ್ಲ. ಗರಿಯ ಅತಿಸೂಕ್ಷ್ಮ ಎಳೆಗಳಲ್ಲಿ ಕಂದುಬಣ್ಣದ ಕಣಗಳು ಪದರಪದರವಾಗಿ ಜೋಡಣೆಗೊಂಡಿರುತ್ತವೆ. ಅವುಗಳ ಮೇಲೆ ಬಿದ್ದ ಬೆಳಕು ಒಡೆದು ಹಿಂದಿರುಗುವಾಗ ಕೆಲವು ಬಣ್ಣಗಳು ಮಾತ್ರ ಬಲಗೊಂಡು ಕಣ್ಣಿಗೆ ಬೀಳುತ್ತವೆ. ಹಕ್ಕಿ ತಿರುಗಿದಂತೆ ಬಣ್ಣವೂ ತಿರುಗುತ್ತದೆ. ನವಿಲುಗರಿಯ ಕಣ್ಣಿನ ರಹಸ್ಯವೂ ಇದೇ. ಆ ಗರಿಯನ್ನು ಅರೆದು ಪುಡಿಮಾಡಿದರೆ ಕೈಗೆ ಸಿಕ್ಕುವುದು ಮಾಸಲು ಕಂದು ಧೂಳು ಮಾತ್ರ.

ಗಂಡಿನ ಈ ವೈಭವವೇ ಅದಕ್ಕೆ ಮೃತ್ಯುವೂ ಆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಸ್ತ್ರೀಯರ ಟೋಪಿಗಳ ಅಲಂಕಾರಕ್ಕಾಗಿ ಹಿಮಾಲಯದ ಈ ಹಕ್ಕಿಗಳ ಚರ್ಮ ಮತ್ತು ಗರಿಗಳು ಹೊರೆಹೊರೆಯಾಗಿ ಸಾಗಿದವು. 1902ರಲ್ಲಿ ಬ್ರಿಟಿಷ್ ಸರಕಾರ ಭಾರತದಿಂದ ಕಾಡುಹಕ್ಕಿಗಳ ಗರಿಗಳ ರಫ್ತನ್ನು ನಿಷೇಧಿಸಿತು. ಹಿಮಾಚಲದಲ್ಲಿ ಗಂಡಸರು ಟೋಪಿಗೆ ಮುನಾಲಿನ ಜುಟ್ಟು ಸಿಕ್ಕಿಸಿಕೊಳ್ಳುವುದು ಪ್ರತಿಷ್ಠೆಯ ಗುರುತಾಗಿತ್ತು. 1982ರಲ್ಲಿ ಅಲ್ಲಿ ಬೇಟೆಗೆ ತಡೆ ಬಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಪಕ್ಷಿಗೆ ಮೊದಲ ಅನುಸೂಚಿಯ ರಕ್ಷಣೆ ನೀಡಿದೆ. ಇಂದು ಇದು ಉತ್ತರಾಖಂಡದ ರಾಜ್ಯಪಕ್ಷಿ. ಡಾಂಫೆ ಎಂಬ ಹೆಸರಿನಿಂದ ನೇಪಾಳದ ರಾಷ್ಟ್ರಪಕ್ಷಿ.

ಕಂದು ಸೀರೆಯ ಗೃಹಿಣಿ

ಎಲ್ಲರ ಕಣ್ಣೂ ಗಂಡಿನ ಮೇಲೆ ನಿಂತಿರುವಾಗ, ಐದಾರು ಮಾರು ದೂರದ ಬಂಡೆಯ ಬುಡದಲ್ಲಿ ಇನ್ನೊಂದು ಹಕ್ಕಿ ಅಲುಗಿದುದನ್ನು ನಮ್ಮ ಸಂಗಡವಿದ್ದ ತಾಯಿಯೊಬ್ಬರು ಮೊದಲು ಗುರುತಿಸಿದರು. ಒಣಹುಲ್ಲಿನ ಬಣ್ಣ, ಗಂಟಲಲ್ಲಿ ಒಂದು ಬಿಳಿ ಮಚ್ಚೆ. ಅದು ಹೆಣ್ಣು. ಅಲುಗದಿದ್ದರೆ ಅದನ್ನು ನಾವು ಕಲ್ಲೆಂದೇ ತಿಳಿಯುತ್ತಿದ್ದೆವು.

ವಂಶ ನಿಂತಿರುವುದು ಈ ಹೆಣ್ಣಿನ ಮೇಲೆ. ಬಂಡೆಯ ಮರೆಯಲ್ಲಿಯೋ ಮರದ ಬೇರಿನ ಪಕ್ಕದಲ್ಲಿಯೋ ನೆಲವನ್ನು ಸ್ವಲ್ಪ ಕೆದರಿ ಅದು ಮೂರರಿಂದ ಐದು ಮೊಟ್ಟೆಗಳನ್ನಿಡುತ್ತದೆ. ನಾಲ್ಕು ವಾರಗಳ ಕಾಲ ಒಂಟಿಯಾಗಿ ಕಾವು ಕೊಡುತ್ತದೆ. ಗಂಡು ಕಾವಿಗೆ ಕೂರುವುದಿಲ್ಲ. ನರಿ, ಹದ್ದು, ಹಳದಿ ಕೊರಳಿನ ಮಾರ್ಟನ್ ಇವೆಲ್ಲ ಹುಡುಕುತ್ತಿರುವಾಗ ಅದಕ್ಕಿರುವ ರಕ್ಷೆ ಎರಡೇ: ಮಣ್ಣಿನ ಬಣ್ಣದ ಮೈ ಮತ್ತು ಮಿಸುಕದ ಸಹನೆ. ಮರಿಗಳು ಒಡೆದು ಹೊರಬಂದು ಸ್ವಲ್ಪ ಹೊತ್ತಿನಲ್ಲಿಯೇ ತಾಯಿಯ ಹಿಂದೆ ನಡೆಯತೊಡಗುತ್ತವೆ. ಗಂಡುಮರಿಗಳೂ ಮೊದಲು ತಾಯಿಯ ಬಣ್ಣದಲ್ಲಿಯೇ ಇದ್ದು, ಎರಡನೆಯ ವರ್ಷದಲ್ಲಿ ಪೂರ್ಣ ಬಣ್ಣವನ್ನು ತಳೆಯುತ್ತವೆ.

ಇದೇ ಪರ್ವತಗಳ ಕಡಿದಾದ ಹುಲ್ಲಿನ ಇಳಿಜಾರುಗಳಲ್ಲಿ ಚೀರ್ ಎಂಬ ಇನ್ನೊಂದು ಫೆಸೆಂಟ್ ಇದೆ. ಅಲ್ಲಿ ಗಂಡುಹೆಣ್ಣುಗಳ ಉಡುಪು ಹೆಚ್ಚುಕಡಮೆ ಒಂದೇ, ಜೋಡಿಯಾಗಿಯೇ ಬಾಳುತ್ತವೆ, ಮರಿಗಳ ಕಾವಲಿನಲ್ಲಿ ಗಂಡಿಗೂ ಪಾಲುಂಟು. ಸಂಖ್ಯೆಯಲ್ಲಿ ಮುನಾಲಿಗಿಂತ ಬಹಳ ಕಡಮೆಯಿರುವ ಚೀರ್ ಅಪಾಯದ ಪಟ್ಟಿಯಲ್ಲಿದೆ. ಪಾಕಿಸ್ತಾನದ ಮಾರ್ಗಲ್ಲಾ ಬೆಟ್ಟಗಳಿಂದ ಮರೆಯಾದ ಈ ಹಕ್ಕಿಯನ್ನು 1970ರ ದಶಕದ ಕೊನೆಯಿಂದ ಅಲ್ಲಿ ಮರಳಿ ನೆಲೆಗೊಳಿಸುವ ಯತ್ನ ನಡೆದರೂ ಅದು ಬೇರೂರಲಿಲ್ಲ. ಕಳೆದುಹೋದುದನ್ನು ಮರಳಿ ತರುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದು ಸುಲಭವೆಂಬುದು ಇದರಿಂದ ತಿಳಿಯುವ ಪಾಠ.

ದೇವರ ಪಂಚಾಂಗ, ಹಕ್ಕಿಯ ಪಂಚಾಂಗ

ಕಾರ್ತಿಕದಲ್ಲಿ ದೀಪಾವಳಿ ಕಳೆದೊಡನೆ ಕೇದಾರದ ಬಾಗಿಲು ಮುಚ್ಚಿ ಉತ್ಸವಮೂರ್ತಿ ಊಖೀಮಠಕ್ಕೆ ಇಳಿಯುತ್ತದೆ. ಹಿಮ ಗಟ್ಟಿಯಾಗುವ ಅದೇ ದಿನಗಳಲ್ಲಿ ಮುನಾಲ್ ಕೂಡ ಬುಗ್ಯಾಲನ್ನು ಬಿಟ್ಟು ಕೆಳಗಿನ ಓಕ್ ಕಾಡುಗಳಿಗೆ ಇಳಿಯುತ್ತದೆ. ಬಾಗಿದ ಬಲವಾದ ಕೊಕ್ಕಿನಿಂದ ಹಿಮವನ್ನೂ ಮಣ್ಣನ್ನೂ ಅಗೆದು ಗೆಡ್ಡೆ, ಬೇರು, ಹುಳುಗಳನ್ನು ಹುಡುಕಿ ತಿನ್ನುತ್ತಾ ಗುಂಪಾಗಿ ಚಳಿಗಾಲ ಕಳೆಯುತ್ತದೆ. ವೈಶಾಖದಲ್ಲಿ ಕೇದಾರದ ಬಾಗಿಲು ತೆರೆಯುವ ವೇಳೆಗೆ ಹಕ್ಕಿಯೂ ಮೇಲೇರಿರುತ್ತದೆ. ಆಗ ಅದು ಗೂಡಿನ ಕಾಲ. ಮೊಟ್ಟೆಯಿಡುವ, ಮರಿ ನಡೆಸುವ ಕಾಲ.

ಅದೇ ವೇಳೆಗೆ ನಾವೂ ಹೋಗುತ್ತೇವೆ. ಯೋಚಿಸಬೇಕಾದ ಸಂಗತಿ ಇರುವುದು ಇಲ್ಲಿಯೇ. ಕೇದಾರನಾಥದ ಸುತ್ತಣ ಸುಮಾರು 975 ಚದರ ಕಿ.ಮೀ. ಪ್ರದೇಶ 1972ರಿಂದ ವನ್ಯಜೀವಿಧಾಮವಾಗಿದೆ. ಕಸ್ತೂರಿಮೃಗದ ರಕ್ಷಣೆಗೆಂದು ಮೀಸಲಾದ ಆ ನೆಲದಲ್ಲಿ ಈ ಹಕ್ಕಿಗಳಿಗೂ ಆಶ್ರಯ ದೊರಕಿದೆ. 2013ರ ಜೂನ್ ತಿಂಗಳ ಮಹಾಪ್ರವಾಹದಲ್ಲಿ ರಾಮ್‌ಬಾಡಾ ನೆಲೆ ಕೊಚ್ಚಿಹೋದ ಮೇಲೆ ಯಾತ್ರೆಯ ಕಾಲುದಾರಿಯನ್ನು ಅಲ್ಲಿಂದ ಮೇಲಕ್ಕೆ ನದಿಯ ಇನ್ನೊಂದು ಮಗ್ಗುಲಿನ ಇಳಿಜಾರಿನಲ್ಲಿ ಕಡಿಯಲಾಯಿತು. 2023ರ ಒಂದೇ ಋತುವಿನಲ್ಲಿ 19 ಲಕ್ಷಕ್ಕೂ ಹೆಚ್ಚು ಯಾತ್ರಿಕರು ಕೇದಾರಕ್ಕೆ ಬಂದರು. ಗುಪ್ತಕಾಶಿ, ಫಾಟಾಗಳಿಂದ ಏಳುವ ಹೆಲಿಕಾಪ್ಟರುಗಳು ಇದೇ ಕಿರಿದಾದ ಕಣಿವೆಯಲ್ಲಿ ಹಾರುತ್ತವೆ. ಎಸೆದ ಅನ್ನಕ್ಕೆ ನಾಯಿಗಳು ಸೇರುತ್ತವೆ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗೆ ನಾಯಿ ಎಂತಹ ವೈರಿ ಎಂಬುದನ್ನು ವಿವರಿಸಬೇಕಾಗಿಲ್ಲ. ಬೇಟೆಗಾರನ ಬಂದೂಕನ್ನು ಕಾಯಿದೆ ತಡೆದೀತು. ಕಾವಿಗೆ ಕುಳಿತ ತಾಯಿಹಕ್ಕಿಯನ್ನು ಎಬ್ಬಿಸುವ ಗದ್ದಲವನ್ನು ತಡೆಯಬೇಕಾದವರು ಯಾತ್ರಿಕರೇ.

ಯಾತ್ರೆಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಶತಮಾನಗಳಿಂದ ಭಕ್ತರು ಆ ದಾರಿಯಲ್ಲಿ ನಡೆದಿದ್ದಾರೆ, ಹಕ್ಕಿಯೂ ಉಳಿದು ಬಂದಿದೆ. ಹಿಂದಿನವರು ನಡೆದ ಬಗೆಯಲ್ಲಿ ನಡೆಯಬೇಕೆಂಬುದಷ್ಟೇ ನಮ್ಮ ಬಿನ್ನಹ. ಕೈಕಾಲು ಗಟ್ಟಿಯಿರುವವರು ಕಾಲ್ನಡಿಗೆಯನ್ನೇ ಆರಿಸಿಕೊಳ್ಳಲಿ. ಕಾಡಿನ ನಡುವೆ ಧ್ವನಿವರ್ಧಕ ಬೇಡ. ಸ್ಮರಣೆ ಮನಸ್ಸಿನಲ್ಲಿಯೇ ನಡೆಯಲಿ. ಒಯ್ದ ಪ್ಲಾಸ್ಟಿಕ್ ಚೀಲಗಳೂ ಉಳಿದ ತಿನಿಸೂ ನಮ್ಮೊಡನೆಯೇ ಹಿಂದಿರುಗಲಿ. ಕಲ್ಲುಹಾಸನ್ನು ಬಿಟ್ಟು ಹುಲ್ಲುಗಾವಲಿಗೆ ಇಳಿಯುವುದು ಬೇಡ. ಮೇ, ಜೂನ್ ತಿಂಗಳಲ್ಲಿ ಅಲ್ಲಿಯ ಒಂದೊಂದು ಬಂಡೆಯ ಮರೆಯಲ್ಲಿಯೂ ಬಾಣಂತಿಯ ಕೋಣೆಯಿರಬಹುದು. ಗರಿಯನ್ನು ಮಾರಲು ಯಾರಾದರೂ ಬಂದರೆ ಕೊಳ್ಳುವುದು ಬೇಡ. ಮಕ್ಕಳನ್ನು ಕರೆದೊಯ್ಯುವ ತಾಯಿತಂದೆಗಳು ಬಣ್ಣದ ಗಂಡನ್ನು ತೋರಿಸಿದ ಮೇಲೆ ಮಣ್ಣಿನ ಬಣ್ಣದ ಹೆಣ್ಣನ್ನೂ ಹುಡುಕಿ ತೋರಿಸಲಿ.

ತುಂಗನಾಥದ ಬಾಗಿಲಲ್ಲಿ ಗಂಟೆ ಮೊಳಗುವಾಗ ಕೆಳಗಿನ ಇಳಿಜಾರಿನಿಂದ ಮುನಾಲಿನ ಸಿಳ್ಳೂ ಕೇಳಿಬರುತ್ತದೆ. ಗಂಟೆಯನ್ನು ಬಾರಿಸುವ ಕೈಗಳು ಮುಂದೆಯೂ ಬಹಳ ಬರಲಿವೆ. ಆ ಸಿಳ್ಳು ಮಾತ್ರ ಪ್ರತಿವರ್ಷವೂ ಕೆಲವೇ ಗೂಡುಗಳಿಂದ ಹುಟ್ಟಿ ಬರಬೇಕು. ಮುಂದೆ ಹೋಗುವ ನಮ್ಮ ಬಂಧುಗಳು ಅವೆರಡನ್ನೂ ಒಟ್ಟಿಗೆ ಕೇಳುವಂತಾಗಲಿ.