ಹೆಸರಿನ ಲಾವಣಿ

ನನ್ನ ಅಕ್ಕನ ಮಗ ಹೆಸರು ಮಾರುತ್ತಾನೆ. ವಿಜಯಪುರದ ಮಗ್ಗುಲಿನ ನಮ್ಮ ತೊರವಿಯಲ್ಲಿ ಈ ಮಾತನ್ನು ಯಾರ ಮುಂದೆ ಆಡಿದರೂ ಬರುವ ಮೊದಲ ಪ್ರಶ್ನೆ, "ಈ ಸಲ ಕ್ವಿಂಟಲ್‌ಗೆ ಏನು ಧಾರಣಿ ಐತ್ರಿ?" ಮುಂಗಾರಿಗೆ ಹೆಸರು, ತೊಗರಿ ಬಿತ್ತುವ ಸೀಮೆ ನಮ್ಮದು. ಕಾಳಲ್ಲ ಮಾರಾಯ್ರ, ಇಂಟರ್ನೆಟ್ಟಿನ ಹೆಸರು, ಡೊಮೇನ್ ಅಂತಾರೆ ಎಂದು ಬಿಡಿಸಿ ಹೇಳಿದರೆ ಎದುರಿಗಿದ್ದವರ ಮುಖದಲ್ಲಿ ಮರುಕ ಮೂಡುತ್ತದೆ. ಕಾಳೇ ಆಗಿದ್ದರೆ ರೇಟು ಬಿದ್ದ ವರ್ಷ ಕುದಿಸಿಕೊಂಡು ಉಣ್ಣಲಿಕ್ಕಾದರೂ ಬರುತ್ತಿತ್ತು.

ಅಕ್ಕನ ಸಂಕಟ ಇದಕ್ಕಿಂತ ಒಂದು ಕೈ ಹೆಚ್ಚು. ಮಗನಿಗೆ ಕನ್ಯೆ ನೋಡುತ್ತಿದ್ದಾಳೆ. ಹುಡುಗ ಎಂಜಿನಿಯರಿಂಗ್ ಓದಿದ್ದಾನೆ, ಚಟಗಳಿಲ್ಲ, ನಾಲ್ಕು ಎಕರೆ ದ್ರಾಕ್ಷಿ ಪಡ ಇದೆ. ಇಷ್ಟರ ತನಕ ಮಾತು ಎಣ್ಣೆ ಹಾಕಿದ ಗಾಲಿಯಂತೆ ಸಾಗುತ್ತದೆ. "ನೌಕರಿ ಏನ್ರಿ?" ಅಂದ ಕೂಡಲೇ ನಿಲ್ಲುತ್ತದೆ. ಒಮ್ಮೆ ಅಕ್ಕ "ಆನ್‌ಲೈನ್ ವ್ಯವಹಾರ ಮಾಡ್ತಾನ್ರಿ, ಕುಂತಲ್ಲೇ ರೊಕ್ಕ ಬರ್ತೈತಿ" ಅಂದಳು. ಬಂದವರು ಅದನ್ನು ರಮ್ಮಿ ಆಟ ಎಂದುಕೊಂಡು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅಂದಿನಿಂದ ಅವಳು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಾಳೆ. "ತಮ್ಮಾ, ನೀ ನಾಕು ಅಕ್ಷರ ಕಲ್ತಾವ. ಇವ ಏನ್ ಮಾಡ್ತಾನ ಅನ್ನೂದು ತಿಳಿಸಿ ಹೇಳು." ಹೀಗಾಗಿ ನಾನು ಡೊಮೇನ್ ಪಾಠ ಕಲಿತದ್ದು ಕಂಪ್ಯೂಟರಿನ ಆಸೆಗಲ್ಲ, ಒಂದು ಸಂಬಂಧ ಕೂಡಿಸಲಿಕ್ಕೆ.

ಕಲಿತದ್ದರ ಸಾರ ಹೀಗೆ. ಅಂತರ್ಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ಅಂಕಿಯ ವಿಳಾಸ. ಅಂಕಿ ಮನುಷ್ಯರಿಗೆ ನೆನಪಿರುವುದಿಲ್ಲ, ಅದಕ್ಕೇ 1983ರಲ್ಲಿ ಅಂಕಿಗೆ ಹೆಸರು ಜೋಡಿಸುವ ವ್ಯವಸ್ಥೆ ಬಂತು. ಮೊಟ್ಟಮೊದಲ 'ಡಾಟ್ ಕಾಂ' ಹೆಸರು 1985ರ ಮಾರ್ಚ್ 15ರಂದು ಅಮೆರಿಕದ ಸಿಂಬಾಲಿಕ್ಸ್ ಎಂಬ ಕಂಪನಿಗೆ ದಾಖಲಾಯಿತು. ಹತ್ತು ವರ್ಷ ಹೆಸರು ಪುಕ್ಕಟೆ. ಕೇಳಿದವರಿಗೆಲ್ಲ ಕೊಟ್ಟರು. 1995ರಲ್ಲಿ ಎರಡು ವರ್ಷಕ್ಕೆ ನೂರು ಡಾಲರ್ ಎಂದು ಶುಲ್ಕ ಇಟ್ಟರು. ಪುಕ್ಕಟೆ ಇದ್ದಾಗ ಯಾರಿಗೂ ಬೇಡವಾದದ್ದು ರೊಕ್ಕ ಅಂದ ಕೂಡಲೇ ಎಲ್ಲರಿಗೂ ಬೇಕಾಯಿತು. ನಮ್ಮ 'ಡಾಟ್ ಇನ್' 2005ರಿಂದ ಸಾಮಾನ್ಯರ ಕೈಗೂ ಸಿಗತೊಡಗಿತು.

ಅಳಿಯ "ಖರೀದಿ ಮಾಡೀನಿ" ಎನ್ನುತ್ತಾನಾದರೂ ಇದು ಖರೀದಿಯೇ ಅಲ್ಲ. ಹೊಲ ಲಾವಣಿ ಹಾಕಿಕೊಂಡ ಹಾಗೆ. ವರ್ಷ ವರ್ಷ ರೊಕ್ಕ ಕಟ್ಟಬೇಕು, ಒಮ್ಮೆಗೆ ಹತ್ತು ವರ್ಷಕ್ಕಿಂತ ಹೆಚ್ಚಿಗೆ ಬರೆದುಕೊಡುವುದಿಲ್ಲ, ಉತಾರದಲ್ಲಿ ಹೆಸರು ಏರುವುದಿಲ್ಲ. ಕಟ್ಟುವುದು ತಪ್ಪಿತೋ, ಕೆಲ ದಿನ ಕಾಯುತ್ತಾರೆ. ಆಮೇಲೆ ದಂಡ ತೆತ್ತು ಬಿಡಿಸಿಕೊಳ್ಳಲಿಕ್ಕೆ ಒಂದು ತಿಂಗಳು. ಅದೂ ಮುಗಿದರೆ ಕಡೆಯ ಐದು ದಿನ ಹೆಸರು ಯಾರದ್ದೂ ಅಲ್ಲದೆ ಗಾಳಿಯಲ್ಲಿ ನಿಂತಿರುತ್ತದೆ. ಅದು ಕೆಳಗೆ ಬೀಳುವ ಕ್ಷಣಕ್ಕಾಗಿ ಜಗತ್ತಿನ ತುಂಬ ಯಂತ್ರಗಳು ಬಾಯಿ ತೆರೆದು ಕಾದಿರುತ್ತವೆ. ಮರೆವು ಬಡವರಿಗೆ ಮಾತ್ರ ಅಂತಲ್ಲ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ತನ್ನದೊಂದು ಹೆಸರಿನ ಬಾಕಿ ಕಟ್ಟುವುದನ್ನು ಮರೆತಿತ್ತು. ಯಾರೋ ಒಬ್ಬ ಪುಣ್ಯಾತ್ಮ ತನ್ನ ಜೇಬಿನಿಂದ 35 ಡಾಲರ್ ಕಟ್ಟಿ ಮಾನ ಉಳಿಸಿದ.

ಮಾರುವ ಪೇಟೆ ಬೇರೆಯೇ ಇದೆ. ಹೆಸರುಗಳನ್ನು ಅಲ್ಲಿ ಹರವಿ ಇಡುತ್ತಾರೆ. ಕೆಲವಕ್ಕೆ ಖಡಾಖಡಿ ಬೆಲೆ, ಕೆಲವಕ್ಕೆ "ನಿಮ್ಮ ಮಾತು ಹೇಳ್ರಿ", ಕೆಲವು ಲಿಲಾವಿಗೆ. ಕೊನೆಯ ಗಳಿಗೆಯಲ್ಲಿ ಯಾರಾದರೂ ಬೆಲೆ ಏರಿಸಿದರೆ ಗಡಿಯಾರ ಮತ್ತೆ ಮುಂದಕ್ಕೆ ಹೋಗುತ್ತದೆ. ಮಾರಿದವನಿಂದ ಪೇಟೆಯವರು ದಲಾಲಿ ಹಿಡಿದುಕೊಳ್ಳುತ್ತಾರೆ. ಕೊಂಡವನಿಗೆ ಬೀಗದ ಕೈಯಂತೆ ಒಂದು ಗುಪ್ತ ಸಂಕೇತ ಸಿಗುತ್ತದೆ. 2019ರಲ್ಲಿ 'ವಾಯ್ಸ್ ಡಾಟ್ ಕಾಂ' ಎಂಬ ಒಂದೇ ಹೆಸರು ಮೂರು ಕೋಟಿ ಡಾಲರಿಗೆ ಹೋಯಿತು. ಈ ಮಾತು ಕೇಳಿದ ಅಕ್ಕ ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಅಳಿಯನ ಕೈಯಲ್ಲಿ ಅಂಥ ಹೆಸರು ಒಂದೂ ಇಲ್ಲ. ದೊಡ್ಡ ಕಂಪನಿಗಳ ಹೆಸರನ್ನು ಮೊದಲೇ ಹಿಡಿದಿಟ್ಟು ಹೆದರಿಸುವ ದಂಧೆಗೂ ಅವನು ಇಳಿದವನಲ್ಲ. ಡೊಮೇನ್ ಹೆಸರಿಗೂ ವ್ಯಾಪಾರದ ಮುದ್ರೆಯಷ್ಟೇ ರಕ್ಷಣೆ ಉಂಟು ಎಂದು ಸುಪ್ರೀಂ ಕೋರ್ಟು 2004ರಲ್ಲೇ, ಸತ್ಯಂ ಇನ್ಫೋವೇಯ 'ಸಿಫಿ' ಪ್ರಕರಣದಲ್ಲಿ, ಹೇಳಿಬಿಟ್ಟಿದೆ. 2024ರಲ್ಲಿ ದೆಹಲಿಯ ಒಬ್ಬ ತರುಣ 'ಜಿಯೋಹಾಟ್‌ಸ್ಟಾರ್' ಹೆಸರನ್ನು ಮೊದಲೇ ಹಿಡಿದಿಟ್ಟು, ಕೇಂಬ್ರಿಜ್‌ನಲ್ಲಿ ಓದಲು ಫೀ ಕೊಟ್ಟರೆ ಬಿಟ್ಟುಕೊಡುತ್ತೇನೆ ಎಂದಾಗ ಅಳಿಯ ತಲೆ ಅಲ್ಲಾಡಿಸಿದ. "ಕೋರ್ಟ್ ಫೀನೂ ಅದರಾಗ ಸೇರಿಸಿ ಕೇಳಬೇಕಿತ್ರಿ ಮಾಮಾ."

ಅವನಿಗೆ ಇಷ್ಟದ ಕತೆ ಬೇರೆ. 2015ರ ಸೆಪ್ಟೆಂಬರಿನಲ್ಲಿ, ಅಮೆರಿಕದಲ್ಲಿದ್ದ ಕಚ್ಛ್ ಮೂಲದ ಹುಡುಗನೊಬ್ಬ ರಾತ್ರಿ ಸುಮ್ಮನೆ ಹುಡುಕುತ್ತ ಕೂತಾಗ 'ಗೂಗಲ್ ಡಾಟ್ ಕಾಂ' ಖಾಲಿ ಇದೆ ಎಂದು ತೋರಿತು. ಹನ್ನೆರಡು ಡಾಲರ್ ಕಟ್ಟಿದ, ಒಂದು ನಿಮಿಷದ ಮಟ್ಟಿಗೆ ಹೆಸರು ಅವನದಾಯಿತು. ಗೂಗಲಿನವರು ಒಡನೆ ರದ್ದು ಮಾಡಿ, ಆಮೇಲೆ ಬಹುಮಾನವಾಗಿ 6,006.13 ಡಾಲರ್ ಕೊಟ್ಟರು. ಆ ಅಂಕಿಯನ್ನು ಕಣ್ಣು ಕಿರಿದು ಮಾಡಿ ನೋಡಿದರೆ ಇಂಗ್ಲಿಷಿನ 'ಗೂಗಲ್' ಕಾಣುತ್ತದಂತೆ. ಹುಡುಗ ಹಣವನ್ನು ನಮ್ಮ ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್‌ಗೆ ದಾನ ಕೊಡುತ್ತೇನೆಂದ, ಅವರು ಅದನ್ನು ಇಮ್ಮಡಿ ಮಾಡಿದರು. ಅಳಿಯ ಇದನ್ನು ಪುರಾಣದಂತೆ ಹೇಳುತ್ತಾನೆ. ಆ ಒಂದು ನಿಮಿಷದ ಹತ್ತಿರ ಬಂದಾಗ ಅವನ ದನಿ ಸಣ್ಣಗಾಗುತ್ತದೆ.

ಒಂದು ಸಂಜೆ ಅವನು ತನ್ನ ಹೆಸರುಗಳ ಪಟ್ಟಿ ತೆಗೆದು ತೋರಿಸಿದ. ಮಾರುವ ಸರಕು ನೋಡೋಣ ಎಂದು ಕೂತವನಿಗೆ ಓದಲು ಸಿಕ್ಕಿದ್ದು ಅವನ ದಿನಚರಿ. ಮೊದಲ ಸಾಲಿನ ಹೆಸರುಗಳಲ್ಲೆಲ್ಲ ದ್ರಾಕ್ಷಿ, ಮಣೂಕ. ಕಾಲೇಜಿನ ಕೊನೆಯ ವರ್ಷದವು. ತಿಕೋಟಾ ರಸ್ತೆಯ ಎರಡೂ ಬದಿಗೆ ಬೇಸಿಗೆಯಲ್ಲಿ ಹಸಿರು ಬಲೆ ಹೊದ್ದ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗುತ್ತಿರುತ್ತದೆ. ಒಣಗಿದ ಮೇಲೆ ಬಹುಪಾಲು ಲಾರಿ ಏರಿ ಸಾಂಗ್ಲಿ, ತಾಸಗಾಂವ ಪೇಟೆ ಸೇರಿ, ಅಲ್ಲಿಯ ಮಾಲಿನ ಜೊತೆ ಬೆರೆತು ಮುಂದಕ್ಕೆ ಹೋಗುತ್ತದೆ. ಸಾಂಗ್ಲಿ ಮಣೂಕಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಬಿಸಿಲು ನಮ್ಮದು, ಬೆವರು ನಮ್ಮದು, ಹೆಸರು ಮಾತ್ರ ಗಡಿಯಾಚೆಯದು. ನಮ್ಮೂರ ಹೆಸರಿನಲ್ಲೇ ದಿಲ್ಲಿ ತನಕ ಮಣೂಕ ಕಳಿಸುತ್ತೇನೆ ಎಂದು ಹೊರಟಿದ್ದ ಹುಡುಗ. ಹೆಸರು ಸಿಕ್ಕಿತು. ಆ ವರ್ಷ ಅಕಾಲದ ಮಳೆಯಾಗಿ ಮಣೂಕ ಕಪ್ಪಾಯಿತು.

ಅದರ ಕೆಳಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಅವನ ಅಜ್ಜಿ ಬದುಕಿದ್ದ ಕಾಲದ್ದು, ಅವಳ ಕೈ ರೊಟ್ಟಿಯನ್ನು ಬೆಂಗಳೂರಿಗೆ ಕಳಿಸುವ ಹುರುಪು. ಆಮೇಲೆ ಕೊರೊನಾ ಬಂತು. ಮನೆಗೇ ಔಷಧ, ಮನೆಗೇ ಕಾಯಿಪಲ್ಯೆ ಎಂಬಂಥವು ನಾಲ್ಕಾರು. ಆಮೇಲೆ, ಕನ್ಯೆಯವರು ಒಬ್ಬೊಬ್ಬರೇ ಇಲ್ಲ ಅನ್ನತೊಡಗಿದ ವರ್ಷ, ರೈತರ ಮಕ್ಕಳಿಗಾಗಿಯೇ ಒಂದು ವಧೂವರರ ಹೆಸರು. ತೀರಾ ಈಚಿನವೆಲ್ಲ 'ಡಾಟ್ ಎಐ'. ಅದು ಕೆರಿಬಿಯನ್ ಸಮುದ್ರದ ಅಂಗ್ವಿಲ್ಲಾ ಎಂಬ ಪುಟ್ಟ ದ್ವೀಪದ ಪಾಲಿಗೆ ಹಿಂದೆಂದೋ ಬಂದ ಎರಡು ಅಕ್ಷರ. ಕೃತಕ ಬುದ್ಧಿಮತ್ತೆಯ ಹುಚ್ಚು ಏರಿದ್ದೇ ತಡ, 2023ರಲ್ಲಿ ಆ ದ್ವೀಪದ ಸರ್ಕಾರದ ಆದಾಯದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಈ ಹೆಸರಿನಿಂದಲೇ ಬಂತು. "ನಮ್ಮ ತಿಕೋಟಾಕ್ಕ ಅಂಥಾವು ಎರಡು ಅಕ್ಷರ ಬಂದಿದ್ರ!" ಎಂದು ಅವನು ನಿಟ್ಟುಸಿರು ಬಿಟ್ಟ. ಕೆಟ್ಟ ಆಸೆಯೇನಲ್ಲ.

ಊರ ಹೆಸರಿನಲ್ಲೂ ಒಂದು ಆಟ ನಡೆದಿತ್ತು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದವಲ್ಲ, ಬಿಜಾಪುರ ವಿಜಯಪುರ ಆದದ್ದು ಆಗಲೇ. ಅಳಿಯ ಆಗ ಇನ್ನೂ ಪಿಯುಸಿ ಹುಡುಗ, ಹೊಸ ಹೆಸರು ಹಿಡಿದಿಡಲು ಕೈಯಲ್ಲಿ ರೊಕ್ಕವಿಲ್ಲ. ಇದ್ದಿದ್ದರೂ ಪೇಚಾಟವೇ. ದೇವನಹಳ್ಳಿ ಕಡೆ ಇನ್ನೊಂದು ವಿಜಯಪುರ ಇದೆ, ಛತ್ತೀಸಗಡದಲ್ಲಿ ಬಿಜಾಪುರವೆಂಬ ಜಿಲ್ಲೆಯೇ ಇದೆ. ನಮ್ಮ ತೊರವಿಯನ್ನೂ ಇಂಗ್ಲಿಷಿನಲ್ಲಿ 'ಎ' ಹಾಕಿಯೂ ಬರೆಯುತ್ತಾರೆ, ನುಂಗಿಯೂ ಬರೆಯುತ್ತಾರೆ. ಕನ್ನಡದಲ್ಲೇ 'ಡಾಟ್ ಭಾರತ' ಹೆಸರು ಸಿಗುತ್ತದೆ ಎಂದು ಕೇಳಿ ನಾನು ಹಿಗ್ಗಿದ್ದೆ. ಅಳಿಯ ಒಳಗಿನ ಹೂರಣ ಬಿಚ್ಚಿದ. ಹೊರಗೆ ಕನ್ನಡ ಕಾಣುತ್ತದೆ, ಯಂತ್ರದ ಒಳಗೆ ಅದು 'ಎಕ್ಸ್ ಎನ್' ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿಯೇ ಓಡಾಡುತ್ತದಂತೆ. ಹೊರಗೆ ಧೋತರ, ಒಳಗೆ ಪ್ಯಾಂಟು.

ಹೆಸರಿನ ವಿಷಯದಲ್ಲಿ ತೊರವಿಯದು ಮೊದಲಿನಿಂದಲೂ ವಿಚಿತ್ರ ಯೋಗ. ನರಹರಿ ಎಂಬ ಕವಿ ತನ್ನ ಹೆಸರು ಬಿಟ್ಟು ಕುಮಾರ ವಾಲ್ಮೀಕಿ ಎಂಬ ಹೆಸರು ಹಿಡಿದು, ಇಲ್ಲಿಯ ನರಸಿಂಹನ ಅಂಕಿತದಲ್ಲಿ ರಾಮಾಯಣ ಬರೆದ. ಕಾವ್ಯಕ್ಕೆ ಕಡೆಗೂ ನಿಂತದ್ದು ಊರ ಹೆಸರು: ತೊರವೆ ರಾಮಾಯಣ. ಊರಿನವರು ಒಂದು ಕವಡೆ ಖರ್ಚು ಮಾಡಲಿಲ್ಲ, ಐದು ಶತಮಾನದಿಂದ ನವೀಕರಣದ ತಗಾದೆಯೂ ಇಲ್ಲ.

ಇದಕ್ಕೆ ಉಲ್ಟಾ ಬಿಜಾಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲಶಹಾನ ಕತೆ. ಅವನಷ್ಟು ಹೆಸರಿನ ಹುಚ್ಚು ಹಿಡಿದವರನ್ನು ನಾನು ಕೇಳಿಲ್ಲ, ಅಳಿಯನನ್ನೂ ಸೇರಿಸಿ. ತಂಬೂರಿಗೆ ಮೋತಿಖಾನ್, ಆನೆಗೆ ಆತಿಷ್‌ಖಾನ್ ಎಂದು ಹೆಸರಿಟ್ಟವನು. 'ನವರಸ' ಎಂಬ ಒಂದು ಪದ ಕಿವಿಗೆ ಬಿದ್ದದ್ದೇ ಸೈ, ಕಂಡಕಂಡದ್ದಕ್ಕೆಲ್ಲ ಅದೇ. ಹಾಡಿನ ಹೊತ್ತಿಗೆ ಕಿತಾಬೆ ನವರಸ, ನಾಣ್ಯ ನವರಸ, ಮುದ್ರೆ ನವರಸ, ಹಬ್ಬ ಕೂಡ ನವರಸದ್ದೇ. ಇಷ್ಟಾದರೂ ತೃಪ್ತಿಯಾಗದೆ, ಬಿಜಾಪುರದ ಕೋಟೆಯಾಚೆ, ನಮ್ಮ ತೊರವಿಯ ಮಗ್ಗುಲಿಗೆ, 1599ರಲ್ಲಿ ನವರಸಪುರ ಎಂಬ ಹೊಸ ರಾಜಧಾನಿಗೇ ಕೈ ಹಾಕಿದ. ಸಂಗೀತಗಾರರು, ಕವಿಗಳು, ಚಿತ್ರಕಾರರು ಅಲ್ಲಿ ನೆಲೆಸಬೇಕು, ಸರದಾರರು ಮನೆ ಕಟ್ಟಿಸಬೇಕು. ಹೆಸರು ಮೊದಲು ಬಂತು, ಊರು ಹಿಂದಿನಿಂದ ಬರಬೇಕಿತ್ತು. ಬರಲಿಲ್ಲ. ಸುತ್ತಿನ ಕೋಟೆ ಅರ್ಧಕ್ಕೆ ನಿಂತಿತು, 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ದಂಡು ತಂದು ಇದ್ದದ್ದನ್ನೂ ಹಾಳು ಮಾಡಿದ. ಈಗ ಉಳಿದದ್ದರಲ್ಲಿ ದೊಡ್ಡದು ಸಂಗೀತ ಮಹಲು, ಬಿಜಾಪುರದೊಳಗಿನ ಗಗನ ಮಹಲಿನದೇ ಕಿರಿಯ ಪಡಿಯಚ್ಚು. ಎತ್ತರದ ಕಮಾನು, ಅದರಾಚೆ ಜೋಳದ ಹೊಲ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಬರುತ್ತಾರೆ, ಹೋಗುತ್ತಾರೆ.

ಅಳಿಯನ ಬಿಕರಿಯಾಗದ ಹೆಸರುಗಳನ್ನು ಒತ್ತಿದರೂ ಇಂಥದೇ ಒಂದು ಪುಟ ತೆರೆಯುತ್ತದೆ. 'ಈ ಹೆಸರು ಮಾರಾಟಕ್ಕಿದೆ' ಎಂಬ ಒಂದು ಕಮಾನು, ಹಿಂದೆ ಬಯಲು.

ಅವನು ಅಷ್ಟಿಷ್ಟು ಮಾರಿದ್ದೂ ಉಂಟು. ಹುಬ್ಬಳ್ಳಿಯ ಯಾರಿಗೋ ಒಂದು, ದುಬೈಯ ಯಾರಿಗೋ ಒಂದು. ಬಂದ ರೊಕ್ಕ ಉಳಿದವುಗಳ ಬಾಕಿಗೆ ಸರಿಹೋಗುತ್ತದೆ. ಮೊದಲ ವರ್ಷ ಸೋವಿಯಾಗಿ ಕೊಟ್ಟು ಎರಡನೇ ವರ್ಷ ಕುತ್ತಿಗೆ ಹಿಡಿಯುವುದು ಆ ಪೇಟೆಯ ರೀತಿ. ಈ ಸಲದ ನೋಟಿಸು ಬಂದಾಗ ಯಾವುದನ್ನು ಬಿಡಲಿ ಎಂದು ನನ್ನನ್ನು ಕೇಳಿದ. ಮಣೂಕದ್ದು ಬಿಡು ಅಂದೆ. ಇಲ್ಲ ಅಂದ. ರೊಟ್ಟಿಯದು? "ಅದು ಆಯಿ ಹೆಸರಿಂದು, ಹೆಂಗ ಬಿಡ್ಲಿ ಮಾಮಾ?" ಕೊನೆಗೆ ಬಿಟ್ಟದ್ದು ಎಐಗಳನ್ನು. ಲಾಭ ಬಂದರೆ ಬರಬೇಕಾದದ್ದು ಅವುಗಳಿಂದಲೇ, ಆದರೂ ಬಿಟ್ಟ. ಈ ಹುಡುಗ ವ್ಯಾಪಾರಸ್ಥನಲ್ಲ ಎಂದು ಅಕ್ಕನಿಗೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಕನ್ಯೆಯವರಿಗೆ ಅದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ನನಗೇ ನಿಕ್ಕಿಯಿಲ್ಲ.

ಅವನು ಲ್ಯಾಪ್‌ಟಾಪ್ ಮುಚ್ಚುವ ಮೊದಲು ನನಗೂ ಒಂದು ಆಸೆ ಹುಟ್ಟಿತು.

"ನವರಸಪುರ ಖಾಲಿ ಐತೇನು ನೋಡು."

"ಏನ್ ಮಾಡ್ತೀರಿ ಮಾಮಾ ತಗೊಂಡು?"

"ಏನೂ ಮಾಡಂಗಿಲ್ಲ. ನನ್ನ ಹೆಸರಲ್ಲಿ ಇರ್ಲಿ. ಮಲಿಕ್ ಅಂಬರ್ ಬಂದು ಕಸಗೊಳ್ಳಂಗಿಲ್ಲ ಹೌದಲ್ಲೋ?"

"ರಿನ್ಯೂವಲ್ ಮರ್ತ್ರ ಬರ್ತಾನ್ರಿ. ನಿಮ್ಮ ಕಾರ್ಡ್ ಕೊಡ್ರಿ, ಐದು ವರ್ಷಕ್ಕ ಕಟ್ಟಿಬಿಡೂಣು. ಇಂಗ್ಲಿಷಿನ್ಯಾಗ ಎರಡು ಸ್ಪೆಲ್ಲಿಂಗ್ ಬರ್ತಾವ, ಎರಡೂ ಹಿಡಿಯೂದು ಛಲೋ."