ಚಿಪ್ ಬರದಿದ್ರೆ ಕೈಗೆ ಚಿಪ್ಪೇ!

ನಮ್ಮ ಚಿಕ್ಕಪ್ಪ ದೀಪಾವಳಿ ಬಂತು ಅಂದ್ರೆ ತಪ್ಪದೆ ಒಂದು ಮೆಸೇಜ್ ಕಳಿಸ್ತಾರೆ. "ವಿದೇಶಿ ಬಿಡಿ, ಸ್ವದೇಶಿ ಕೊಳ್ಳಿ." ಕೆಳಗೊಂದು ಉದ್ದದ ಪಟ್ಟಿ - ಸೋಪು, ಟೂತ್‌ಪೇಸ್ಟು, ಬಿಸ್ಕತ್ತು... ಸೋಪಿಗೇನು ಬರ ಸ್ವಾಮಿ? ಮೈಸೂರು ಸ್ಯಾಂಡಲ್ ಕಾರ್ಖಾನೆ ಇಲ್ಲೇ ಯಶವಂತಪುರದ ಹತ್ರ ಇದೆ. ಸೋಪಿಲ್ಲದೆ ಯಾವ ದೇಶವೂ ಕೈಕಟ್ಟಿ ಕೂತಿಲ್ಲ.

ನಾನು ಕೆಲಸ ಮಾಡೋದು ವಿದ್ಯುತ್ ಮೀಟರಿನ ಬೋರ್ಡಿಗೆ ಕೋಡ್ ಬರೆಯೋ ಕಡೆ. 2021ರಲ್ಲಿ ಜಗತ್ತಿಗೆಲ್ಲ ಚಿಪ್ ಬರ ಬಂತಲ್ಲ, ಆಗ ನಮಗೆ ಬೇಕಾದ ಒಂದು ಮೈಕ್ರೋಕಂಟ್ರೋಲರಿಗೆ "ಒಂದು ವರ್ಷ ಕಾಯಿರಿ" ಅಂದ್ರು. ಪೆಟ್ಟಿಗೆ ನಮ್ದು, ಸ್ಕ್ರೂ ನಮ್ದು, ಕೋಡೂ ನಮ್ದೇ. ಆದ್ರೆ ಉಗುರಿನಷ್ಟು ದೊಡ್ಡ ಆ ತುಂಡಿಲ್ಲದೆ ಕೈಗೆ ಚಿಪ್ಪು! ಬೇರೆ ಚಿಪ್ ಹುಡುಕಿ, ಅರ್ಧ ಕೋಡ್ ತಿರುಗಿ ಬರೆದ್ವಿ. ಆ ಬೇರೆ ಚಿಪ್ ಕೂಡ ಹೊರಗಿಂದೇ ಬಂದಿದ್ದು ಅನ್ನಿ.

ನಾನಿರೋದು ಶೆಟ್ಟಿಹಳ್ಳಿ. ಪಕ್ಕದ ಜಾಲಹಳ್ಳಿ ಅಂದ್ರೆ ಸ್ವತಂತ್ರ ಭಾರತ "ನಾವೇ ಮಾಡ್ಕೋತೀವಿ" ಅಂತ ಹೊರಟ ಜಾಗ. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್. ಬಿಇಎಲ್‌ನಲ್ಲಿ ನಮ್ಮ ಮತಯಂತ್ರ ತಯಾರಾಗುತ್ತೆ. ಪ್ರೋಗ್ರಾಮ್ ಬರೆಯೋರು, ಜೋಡಿಸೋರು ಎಲ್ಲಾ ನಮ್ಮವರೇ. ಒಳಗಿನ ಚಿಪ್ ಮಾತ್ರ ವಿದೇಶದ್ದು, ಅದನ್ನ ಮಾಡೋ ಸೌಲಭ್ಯ ದೇಶದಲ್ಲಿಲ್ಲ ಅಂತ ಚುನಾವಣಾ ಆಯೋಗವೇ ಹೇಳಿತ್ತು. (ಹ್ಯಾಕಿಂಗ್ ವಿಷಯ ಎತ್ತಬೇಡಿ ದಯವಿಟ್ಟು, ಅದು ಬೇರೆ ಜಗಳ!)

ಹಾಗಂತ ಪ್ರಯತ್ನವೇ ಆಗಿಲ್ಲ ಅಂತಲ್ಲ. ಸರ್ಕಾರ ಮೊಹಾಲಿಯಲ್ಲಿ ಚಿಪ್ ಕಾರ್ಖಾನೆ ಕಟ್ಟಿತ್ತು. 1989ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯ್ತು. ಮತ್ತೆ ಕಟ್ಟಿದ್ರು, ಆದ್ರೆ ಅಷ್ಟರಲ್ಲಿ ತೈವಾನ್, ಕೊರಿಯಾ ಕೈಗೆ ಸಿಗದಷ್ಟು ದೂರ ಹೋಗಿದ್ವು.

2024ರಲ್ಲಿ ಗುಜರಾತಿನ ಧೊಲೇರಾದಲ್ಲಿ ಟಾಟಾದವರ 91,000 ಕೋಟಿಯ ಚಿಪ್ ಘಟಕಕ್ಕೆ ಶಂಕುಸ್ಥಾಪನೆ ಆಯ್ತು. ತಂತ್ರಜ್ಞಾನ ತೈವಾನಿನ ಪವರ್‌ಚಿಪ್ ಕಂಪನೀದು. "ಇದೆಂಥ ಸ್ವದೇಶಿ?" ಅಂತ ಆಫೀಸಲ್ಲಿ ಗೆಳೆಯನೊಬ್ಬ ಮೂಗು ಮುರಿದ. ನನಗೆ ಹಾಗನ್ನಿಸಲ್ಲ. ಎಚ್‌ಎಂಟಿ ಕೂಡ 1961ರಲ್ಲಿ ಜಪಾನಿನ ಸಿಟಿಜನ್ ಹತ್ರ ಕಲಿತೇ ವಾಚ್ ಮಾಡಿದ್ದು. ಕಲಿತು ದೇಶದ ಕೈಗೆಲ್ಲ ವಾಚ್ ಕಟ್ಟಿತು. ಎಡವಿದ್ದು ಆಮೇಲೆ. ಕ್ವಾರ್ಟ್ಜ್ ಕಾಲ ಬಂದಾಗ ಗಮನವೆಲ್ಲ ಕೀ ಕೊಡೋ ವಾಚಿನ ಮೇಲೇ ಉಳೀತು, 2016ರಲ್ಲಿ ವಾಚ್ ಕಂಪನಿ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಡ್ತು.

ಅದಕ್ಕೇ ಧೊಲೇರಾದ ಮೊದಲ ಚಿಪ್ ಯಾವಾಗ ಬರುತ್ತೆ ಅಂತ ನನಗೆ ಅಷ್ಟು ಕುತೂಹಲ ಇಲ್ಲ. ಕಲಿಸೋಕೆ ಬಂದೋರು ವಾಪಸ್ ಹೋದ ಮೇಲೆ, ಎರಡನೇ ತಲೆಮಾರಿನ ಚಿಪ್‌ಗೆ ದುಡ್ಡು ಹಾಕೋರು ಯಾರು? ಚಿಕ್ಕಪ್ಪನ ಪಟ್ಟಿಯಲ್ಲಂತೂ ಅದಿಲ್ಲ.