ನೇತ್ರಾಣಿಯ ಕಡಲು, ಪಡಸಾಲೆಯ ಕಡಲು

ನಮ್ಮೂರಿನ ಹೆಸರು ಸಾಗರ. ಆದರೆ ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಲೇಬೇಕು! ಈ ಕೊರತೆ ನೀಗಲೆಂದು ಪಡಸಾಲೆಯಲ್ಲಿ 200 ಲೀಟರಿನ ಗಾಜಿನ ತೊಟ್ಟಿಯಿಟ್ಟು ಉಪ್ಪುನೀರು ತುಂಬಿದೆ. ಮೂರನೆಯ ದಿನವೇ ನಾಲ್ಕು ಮೀನು ಬಿಟ್ಟೆ. ವಾರದೊಳಗೆ ನಾಲ್ಕೂ ಸತ್ತವು. ಇಪ್ಪತ್ತೈದು ವರ್ಷ ಮಕ್ಕಳಿಗೆ ಸಾರಜನಕ ಚಕ್ರದ ಪಾಠ ಹೇಳಿದವನ ಮನೆಯಲ್ಲೇ ಈ ಅನಾಹುತ!

ಮತ್ತೆ ಮೀನು ತರುವ ಮೊದಲು ನಿಜವಾದ ಹವಳದ ದಿಬ್ಬವನ್ನು ಕಣ್ಣಾರೆ ನೋಡಬೇಕೆನಿಸಿತು. ಜನವರಿಯ ಒಂದು ಬೆಳಿಗ್ಗೆ ಮುರ್ಡೇಶ್ವರದಲ್ಲಿ ದೋಣಿ ಹತ್ತಿದೆ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ಒಂದೂವರೆ ಗಂಟೆಯ ಪಯಣ. ದಂಡೆಯ ಬೃಹತ್ ಶಿವ ಬೊಂಬೆಯಷ್ಟಾಗಿ ಮರೆಯಾದಾಗ ಎದುರಿಗೆ ಕಡಿದಾದ ಬಂಡೆಗಳ ನಡುಗಡ್ಡೆ ಕಾಣಿಸಿತು. ಇಂಗ್ಲಿಷ್ ನಕ್ಷೆಗಳಲ್ಲಿ ಇದಕ್ಕೆ ಪಿಜನ್ ಐಲೆಂಡ್ ಎಂದು ಹೆಸರು.

ಲೈಫ್ ಜಾಕೆಟ್ ತೊಟ್ಟು, ಸ್ನಾರ್ಕೆಲ್ ಕಚ್ಚಿಕೊಂಡು ನೀರಿಗಿಳಿದೆ. ಕಲ್ಲೆಂದುಕೊಂಡದ್ದೆಲ್ಲ ಜೀವ! ಹವಳಗಳ ಮೇಲೆ ಚಿಟ್ಟೆಮೀನುಗಳು ಸುಳಿದಾಡುತ್ತಿದ್ದವು. ಗಿಳಿಮೀನೊಂದು ಬಂಡೆಯ ಪಾಚಿಯನ್ನು ಹಲ್ಲಿನಿಂದ ಕೆರೆಯುತ್ತಿತ್ತು. ಬರಿಯ ಕಲ್ಲು ಎಲ್ಲೂ ಇಲ್ಲ.

ನನ್ನ ತಪ್ಪು ಅಲ್ಲಿ ಹೊಳೆಯಿತು. ಮೀನು ಹೊರಹಾಕುವ ಅಮೋನಿಯಾ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ. ಇವು ಹೊಸ ತೊಟ್ಟಿಯ ಕಲ್ಲು, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಕೊಟ್ಟದ್ದು ಮೂರೇ ದಿನ.

ಆದರೂ ಆಸೆ ನೋಡಿ! ದೋಣಿ ಹತ್ತಿದ ಮೇಲೆ, "ತಮ್ಮಾ, ಒಂದು ಸಣ್ಣ ಹವಳದ ತುಂಡು ಸಿಕ್ಕೀತೆ?" ಎಂದು ಮುಳುಗುಗಾರ ಹುಡುಗನನ್ನು ಕೇಳಿಯೇಬಿಟ್ಟೆ.

ಅವನು ನಕ್ಕ. "ಎಂತ ಮಾಸ್ತರ್ರೆ, ಅದು ಬೆಳೀಲಿಕ್ಕೆ ಎಷ್ಟು ವರ್ಷ ಬೇಕು ಅಂತ ನೀವೇ ಮಕ್ಕಳಿಗೆ ಕಲಿಸೂದಲ್ವಾ?"

ನಾಚಿಕೆಯಾಯಿತು. ಗುಂಡು ಹವಳ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಅಂದರೆ ಹುಲಿಗಿರುವ ರಕ್ಷಣೆಯೇ ಇವಕ್ಕೂ ಇದೆ. ಬರಿಗೈಯಲ್ಲಿ ಮರಳಿದೆ.

ಮನೆಯಲ್ಲಿ ಹೊಸದಾಗಿ ಶುರು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 200 ಲೀಟರಿಗೆ 7 ಕಿಲೋ ಉಪ್ಪು. ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಷಿಯಂಗಳೂ ಇರುವ ಅಕ್ವೇರಿಯಂ ಉಪ್ಪು. ಹವಳದ ಬದಲು ಸಣ್ಣ ರಂಧ್ರಗಳ ಸೆರಾಮಿಕ್ ಕಲ್ಲು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟು ಬ್ಯಾಕ್ಟೀರಿಯಾ ಬೆಳೆಸಿದೆ. ಆರು ವಾರಗಳ ನಂತರ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆ, ಸಾಕಣೆಯಲ್ಲೇ ಹುಟ್ಟಿದ ಎರಡು ಕ್ಲೌನ್ ಮೀನು ಬಿಟ್ಟೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಗಾಳಿಯಾಡಿಸಲು ಬ್ಯಾಟರಿ ಪಂಪು ಇದೆ. ಅವೆರಡೂ ಚೆನ್ನಾಗಿವೆ.

ನೋಡಲು ಬರುವ ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತೇನೆ: ತೊಟ್ಟಿಯ ನೀರು ಆರಿ ಕಡಿಮೆಯಾದರೆ ಉಪ್ಪುನೀರು ಸುರಿಯಬೇಕೋ, ಸಿಹಿನೀರೋ? ಸಿಹಿನೀರೇ. ಆರುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಅವರು ತಿರುಗಿ ಕೇಳುವುದು, "ಸರ್, ಇದು ನಿಜವಾದ ಹವಳವಾ?" ಎಂದು. ಅಲ್ಲ, ನಿಜವಾದದ್ದು ನೇತ್ರಾಣಿಯಲ್ಲೇ ಇದೆ ಎನ್ನುತ್ತೇನೆ.

ಹೋಗುವವರಿಗೆ: ಮುರ್ಡೇಶ್ವರಕ್ಕೆ ಕೊಂಕಣ ರೈಲಿದೆ. ಮಳೆಗಾಲ ಬಿಟ್ಟು ಹೋಗಿ. ನೀರಿನಲ್ಲಿ ಹವಳದ ಮೇಲೆ ಕಾಲೂರಬೇಡಿ.